ಗಿಳಿಯ ಎದೆಬಡಿತಕ್ಕೆ ಮನುಷ್ಯರ ಅಳತೆಗೋಲೇ?

ಕಳೆದ ತಿಂಗಳು ಸಂಘದ ಸಭಾಗೃಹದಲ್ಲಿ ಕಾರ್ಯಕ್ರಮ ಮುಗಿದು, ಉಪ್ಪಿಟ್ಟು-ಕೇಸರಿಬಾತಿನ ತಟ್ಟೆಗಳು ಎಲ್ಲರ ಕೈಗೆ ಬಂದ ಹೊತ್ತಿನಲ್ಲಿ, ಹಿರಿಯ ಸದಸ್ಯರೊಬ್ಬರು ನಮ್ಮನ್ನು ನಾಲ್ಕು ಜನರ ಎದುರಿಗೆ ಹಿಡಿದು ನಿಲ್ಲಿಸಿದರು. “ಏನ್ರೀ, ಗಿಳಿಗೆ ಇ.ಸಿ.ಜಿ. ತೆಗೆಸಲಿಕ್ಕೆ ನೀವು ಆಫೀಸಿಗೆ ರಜಾ ಹಾಕಿದಿರಂತೆ, ಹೌದೇ?” ಎಂದರು. ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ನಾವೂ ನಕ್ಕೆವು, ಕೇಂದ್ರ ಸರ್ಕಾರದ ಗುಮಾಸ್ತಿಕೆಯಲ್ಲಿ ಇಪ್ಪತ್ತು ವರ್ಷ ಕಳೆದವರಿಗೆ ನಗುವಿಗೆ ನಗುವನ್ನೇ ಜಮಾ ಮಾಡುವ ಅಭ್ಯಾಸವಾಗಿರುತ್ತದೆ. ಆದರೆ ಲೋಕಲ್ ಗಾಡಿಯಲ್ಲಿ ಮನೆಗೆ ಬರುವಾಗ ಆ ನಗು ಗಂಟಲಲ್ಲಿ ಸಿಕ್ಕಿಕೊಂಡಿತು. ಹೌದು, ರಜಾ ಹಾಕಿದ್ದೆವು. ಅರ್ಧ ದಿನದ ಸಾಂದರ್ಭಿಕ ರಜೆ. ಅದು ವ್ಯರ್ಥವಾಗಲಿಲ್ಲ. ಏಕೆ ವ್ಯರ್ಥವಾಗಲಿಲ್ಲವೆಂದು ಆ ಹಿರಿಯರಿಗೂ, ನಕ್ಕವರಿಗೂ, ತಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ಪಂಜರವೊಂದನ್ನು ತೂಗುಹಾಕಿರುವ ಎಲ್ಲ ಕನ್ನಡ ಬಂಧುಗಳಿಗೂ ತಿಳಿಸುವುದು ನಮ್ಮ ಕರ್ತವ್ಯವೆಂದು ಬಗೆದು ಈ ಲೇಖನಿ ಹಿಡಿದಿದ್ದೇವೆ.

ಮೊದಲು ನಡೆದದ್ದನ್ನು ಹೇಳುತ್ತೇವೆ. ನಮ್ಮ ಬಿಲ್ಡಿಂಗಿನಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರಿದ್ದಾರೆ. ಇಡೀ ಬಿಲ್ಡಿಂಗಿಗೆ ಅವರು ಕಾಕೂ. ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ಮಗ ಪರದೇಶದಲ್ಲಿ. ಮನೆಯಲ್ಲಿ ಕಾಕೂ ಮತ್ತು ರಾಘು, ಇಬ್ಬರೇ. ರಾಘು ಎಂದರೆ ಆಫ್ರಿಕದ ಬೂದು ಗಿಳಿ; ಮಗ ಇಲ್ಲಿದ್ದಾಗ ತಂದದ್ದು. ವಿದೇಶಿ ಜೀವಿಗಳನ್ನು ಸಾಕುವವರು ತಾವಾಗಿಯೇ ಘೋಷಿಸಿಕೊಳ್ಳಬೇಕೆಂದು 2020ರಲ್ಲಿ ಕೇಂದ್ರ ಪರಿಸರ ಮಂತ್ರಾಲಯ ಹೇಳಿದಾಗ ಕಾಕೂನ ಅರ್ಜಿ ತುಂಬಿಕೊಟ್ಟವರು ನಾವೇ. ಸಂಜೆ ಐದಕ್ಕೆ ಸರಿಯಾಗಿ ಆ ಗಿಳಿ “ಚಹಾ ಆತೇನ?” ಎಂದು ಕೇಳುತ್ತದೆ. ಕೇಳುವುದು ತೀರಿಕೊಂಡ ಯಜಮಾನರ ದನಿಯಲ್ಲಿ, ಅವರದೇ ರಾಗದಲ್ಲಿ. ಲಿಫ್ಟಿನಲ್ಲಿ ಹಿಂದಿ, ಅಂಗಡಿಯಲ್ಲಿ ಮರಾಠಿ, ಮೊಮ್ಮಕ್ಕಳೊಡನೆ ಫೋನಿನಲ್ಲಿ ಇಂಗ್ಲಿಷ್. ದಿನವೆಲ್ಲ ಕಾಕೂನ ಕಿವಿಗೆ ಬೀಳುವ ಧಾರವಾಡದ ಕನ್ನಡ ಅದೊಂದೇ. ಇಂಥ ಜೀವವನ್ನು “ಬರೀ ಗಿಳಿ” ಎನ್ನುವವರು ಒಮ್ಮೆ ಸಂಜೆ ಐದಕ್ಕೆ ಆ ಮನೆಗೆ ಬಂದು ಕುಳಿತು ನೋಡಲಿ.

ಒಂದು ಬೆಳಿಗ್ಗೆ ರಾಘು ಪಂಜರದ ಕೋಲಿನಿಂದ ಧೊಪ್ಪನೆ ಕೆಳಗೆ ಬಿದ್ದಿತು. ಎರಡು ದಿನ ಬಿಟ್ಟು ಮತ್ತೊಮ್ಮೆ ಬಿತ್ತು. ಕಾಕೂ ನಡುಗುತ್ತ ಹತ್ತಿರದ ಪ್ರಾಣಿಚಿಕಿತ್ಸಾಲಯಕ್ಕೆ ಒಯ್ದರು. ಅಲ್ಲಿ ಬರುವುದು ಹೆಚ್ಚಾಗಿ ನಾಯಿ, ಬೆಕ್ಕು. ನಾಯಿಗೆ ಹಚ್ಚುವ ಯಂತ್ರವನ್ನೇ ರಾಘುವಿಗೆ ಹಚ್ಚಿದರು. ಅಂಗೈ ಅಗಲದ ಕಾಗದ ಹೊರಬಂತು. “ಅಲೆಗಳು ತಲೆಕೆಳಗಾಗಿವೆ, ಬಡಿತ ವಿಪರೀತ, ಲಯ ಕೆಟ್ಟಿದೆ, ಹೃದಯರೋಗ” ಎಂದು ಬರೆದು, ಹೃದಯದ ಗುಳಿಗೆಯನ್ನು ಪುಡಿ ಮಾಡಿ ಕೊಡಲು ಹೇಳಿದರು. ಆ ಗುಳಿಗೆ ಎಂಥ ಜಾತಿಯದೆಂದರೆ, ಪ್ರಮಾಣ ತುಸು ಮೀರಿದರೆ ಸರಿಯಿದ್ದ ಲಯವನ್ನು ತಾನೇ ಕೆಡಿಸುವಂಥದು. ಕಾಕೂ ಆ ಕಾಗದವನ್ನು ನಮ್ಮ ಕೈಗಿತ್ತು, “ನೀ ಬಿ.ಎಸ್‌ಸಿ. ಓದೀ, ನೋಡಪಾ ಇದನ್ನ” ಎಂದರು.

ನಾವು ಓದಿದ ಬಿ.ಎಸ್‌ಸಿ. ಭೌತಶಾಸ್ತ್ರದ್ದು. ವೈದ್ಯವಿದ್ಯೆ ನಮ್ಮದಲ್ಲ, ಅದರ ಸೋಗೂ ನಮಗಿಲ್ಲ. ಆದರೆ ಚೌಕುಳಿ ಕಾಗದದ ಮೇಲೆ ಎಳೆದ ಗೆರೆಯನ್ನು ನೋಡಿದರೆ ಅದು ಎಷ್ಟು ವೇಗದಲ್ಲಿ ಎಳೆದದ್ದು ಎಂದು ಮೊದಲು ಕೇಳಬೇಕೆಂಬಷ್ಟು ಬುದ್ಧಿಯನ್ನು ನಮ್ಮ ಕಾಲೇಜಿನ ಪ್ರಯೋಗಶಾಲೆ ಕಲಿಸಿದೆ. ಕಾಗದದ ಅಂಚಿನಲ್ಲಿ ಯಂತ್ರವೇ ಮುದ್ರಿಸಿತ್ತು: ಸೆಕೆಂಡಿಗೆ 25 ಮಿಲಿಮೀಟರ್.

ವಾಚಕರು ಇಲ್ಲಿ ಸ್ವಲ್ಪ ತಾಳ್ಮೆಯಿಂದ ನಮ್ಮೊಡನೆ ಲೆಕ್ಕ ಮಾಡಬೇಕೆಂದು ಪ್ರಾರ್ಥನೆ. ಮನುಷ್ಯನ ಹೃದಯ ನಿಮಿಷಕ್ಕೆ 72 ಬಾರಿ ಬಡಿಯುತ್ತದೆಂದುಕೊಳ್ಳೋಣ. ಸೆಕೆಂಡಿಗೆ 25 ಮಿ.ಮೀ. ಓಡುವ ಕಾಗದದಲ್ಲಿ ಒಂದೊಂದು ಬಡಿತಕ್ಕೆ ಹತ್ತಿರಹತ್ತಿರ 21 ಮಿ.ಮೀ. ಜಾಗ ಸಿಗುತ್ತದೆ. ಹೃದಯದ ಮೇಲಿನ ಕೋಣೆಗಳ ಸಣ್ಣ ಅಲೆ, ಕೆಳಗಿನ ಕೋಣೆಗಳ ದೊಡ್ಡ ಅಲೆ, ಕೊನೆಗೆ ವಿಶ್ರಾಂತಿಯ ಅಲೆ, ಮೂರೂ ಕಾಲು ಚಾಚಿ ಕುಳಿತುಕೊಳ್ಳುವಷ್ಟು ಜಾಗ. ಬೂದು ಗಿಳಿಯ ಹೃದಯ ಬಡಿಯುವುದು ನಿಮಿಷಕ್ಕೆ ಸುಮಾರು 340ರಿಂದ 600 ಬಾರಿ. 420 ಎಂದಿಟ್ಟುಕೊಂಡರೂ ಸೆಕೆಂಡಿಗೆ ಏಳು ಬಡಿತ. ಅದೇ ಕಾಗದದಲ್ಲಿ ಒಂದು ಬಡಿತಕ್ಕೆ ಸಿಗುವುದು ಬರೀ ಮೂರೂವರೆ ಮಿಲಿಮೀಟರ್! ಮೂರು ಅಲೆಗಳೂ ಅದರಲ್ಲೇ ಇಕ್ಕಟ್ಟಾಗಬೇಕು. ಕೆಳಗಿನ ಕೋಣೆಗಳ ಮುಖ್ಯ ಅಲೆ ಬೂದು ಗಿಳಿಯಲ್ಲಿ ನಡೆದು ಮುಗಿಯುವುದು ಸೆಕೆಂಡಿನ ನೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚಿನ ಅವಧಿಯಲ್ಲಿ. ಆ ಕಾಗದದ ಮೇಲೆ ಅದರ ಅಗಲ 0.3 ಮಿ.ಮೀ. ಮಸಿಯ ಗೆರೆಯ ದಪ್ಪವೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಫಾಸ್ಟ್ ಲೋಕಲ್ಲಿನ ಬಾಗಿಲಲ್ಲಿ ನಿಂತು, ನಿಲ್ಲದೆ ದಾಟುವ ಸ್ಟೇಶನ್ನಿನ ಅಂಗಡಿಯಲ್ಲಿ ನೇತುಹಾಕಿದ ಪತ್ರಿಕೆಯ ಸಂಪಾದಕೀಯವನ್ನು ಓದಿ ಅಭಿಪ್ರಾಯ ಕೊಟ್ಟ ಹಾಗಾಯಿತಲ್ಲವೇ ಇದು?

ಅದಕ್ಕೇ ಹಕ್ಕಿಗಳ ವೈದ್ಯವನ್ನು ಬಲ್ಲವರು ಕಾಗದವನ್ನು ಸೆಕೆಂಡಿಗೆ 100 ಮಿ.ಮೀ. ವೇಗದಲ್ಲಾದರೂ ಓಡಿಸಬೇಕು, ಸಾಧ್ಯವಾದರೆ 200ರಲ್ಲಿ ಓಡಿಸಬೇಕು ಎನ್ನುತ್ತಾರೆ. 100ರಲ್ಲಿ ಒಂದು ಬಡಿತಕ್ಕೆ 14 ಮಿ.ಮೀ. ಸಿಗುತ್ತದೆ; ಕಣ್ಣಿಗೆ ಕಾಣುವ ಅಲೆ, ಅಳೆಯಬಹುದಾದ ಅಲೆ. ಇನ್ನೊಂದು ಸೂಕ್ಷ್ಮವಿದೆ. ಈಗಿನ ಯಂತ್ರಗಳಲ್ಲಿ ಮೈನಡುಕದ ಗೆರೆಗಳನ್ನು ಜರಡಿ ಹಿಡಿಯುವ ಫಿಲ್ಟರ್ ಇರುತ್ತದೆ. ಮನುಷ್ಯನಿಗೆ ಅದು ಅನುಕೂಲ. ಆದರೆ ಗಿಳಿಯ ಮುಖ್ಯ ಅಲೆಯೇ ಅಷ್ಟು ಚುರುಕಾದದ್ದು. ನಡುಕವೆಂದು ಬಗೆದು ಜರಡಿ ಅದನ್ನೂ ಸವರಿಬಿಡುತ್ತದೆ. ಹೊಟ್ಟಿನೊಡನೆ ಕಾಳನ್ನೂ ತೂರಿದಂತೆ.

ಇನ್ನು “ತಲೆಕೆಳಗಾದ ಅಲೆ”ಯ ಮಾತು. ಇದು ಕೇಳಿದಾಗ ನಮಗೆ ನಿಜಕ್ಕೂ ಸಿಟ್ಟು ಬಂತು. ಮನುಷ್ಯನಲ್ಲಿ ಎರಡನೆಯ ಜೋಡಣೆಯ ರೇಖೆಯಲ್ಲಿ ಮುಖ್ಯ ಅಲೆ ಸಾಮಾನ್ಯವಾಗಿ ಮೇಲ್ಮುಖ. ಗಿಳಿಗಳಲ್ಲಿ ಅದು ಹುಟ್ಟಿನಿಂದಲೇ ಕೆಳಮುಖ! ಕಾರಣವೂ ಸ್ವಾರಸ್ಯವಾದದ್ದು. ಬಡಿತದ ವಿದ್ಯುತ್ ಸಂದೇಶವನ್ನು ಹೃದಯದ ಗೋಡೆಗೆ ಹಂಚುವ ಪುರ್ಕಿಂಜೆ ಎಳೆಗಳು ಮನುಷ್ಯನಲ್ಲಿ ಒಳಮೈಗೆ ಹತ್ತಿರ ಹರಡಿರುತ್ತವೆ. ಆದ್ದರಿಂದ ಸಂದೇಶ ಒಳಗಿನಿಂದ ಹೊರಗೆ ಸಾಗುತ್ತದೆ. ಹಕ್ಕಿಗಳಲ್ಲಿ ಈ ಎಳೆಗಳು ಗೋಡೆಯನ್ನು ಹೊಕ್ಕು ಹೊರಮೈವರೆಗೂ ಚಾಚಿರುವುದರಿಂದ ಸಂದೇಶದ ಹಾದಿಯೇ ಬೇರೆ, ಅಲೆಯ ದಿಕ್ಕೂ ಬೇರೆ. ಬೂದು ಗಿಳಿ ಮತ್ತು ಅಮೆಜಾನ್ ಗಿಳಿಗಳಲ್ಲಿ ಬಡಿತ ತ್ವರಿತವಾಗಿರುವಾಗ, ಹಿಂದಿನ ಬಡಿತದ ವಿಶ್ರಾಂತಿಯ ಅಲೆಯ ಮೇಲೆ ಮುಂದಿನ ಬಡಿತದ ಮೊದಲ ಅಲೆ ಏರಿ ಕೂರುವುದೂ ಉಂಟು. ಅದೂ ಸಹಜವೇ. ಇವನ್ನೆಲ್ಲ ರೋಗವೆಂದು ಬರೆಯುವುದು, ಬಾವಲಿ ತಲೆಕೆಳಗಾಗಿ ನೇತಾಡುತ್ತಿದೆ, ಅದಕ್ಕೆ ತಲೆಸುತ್ತಿನ ಕಾಯಿಲೆ ಎಂದು ಬರೆದಂತೆ.

“ಇದೆಲ್ಲ ಹೊಸ ಸಂಶೋಧನೆ, ಪಾಪ, ನಮ್ಮ ವೈದ್ಯರಿಗೆ ಹೇಗೆ ಗೊತ್ತಾಗಬೇಕು?” ಎಂದು ಯಾರಾದರೂ ರಾಗ ಎಳೆಯಬಹುದು. ಹೊಸದಲ್ಲ, ಸ್ವಾಮೀ. ಹಾಲೆಂಡಿನ ಲೈಡನ್ನಿನಲ್ಲಿ ಐಂಟ್‌ಹೋವನ್ ತಂತಿಯ ಗ್ಯಾಲ್ವನೋಮೀಟರಿನಿಂದ ಹೃದಯದ ರೇಖೆ ತೆಗೆದು ತೋರಿಸಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಅದಕ್ಕಾಗಿ ನೊಬೆಲ್ ಪಾರಿತೋಷಕ ಬಂದದ್ದು 1924ರಲ್ಲಿ. ಹಕ್ಕಿಗಳ ಎದೆಬಡಿತದ ವೇಗವನ್ನೂ ರೇಖೆಯ ಆಕಾರವನ್ನೂ ಕುರಿತು ಫ್ಲಾರೆನ್ಸ್ ಬುಕ್ಯಾನನ್ ಎಂಬ ಮಹಿಳೆ ಬರೆದದ್ದು 1909ರಲ್ಲಿ, ಆ ಪಾರಿತೋಷಕಕ್ಕೂ ಹದಿನೈದು ವರ್ಷ ಮೊದಲು. ಬೂದು ಗಿಳಿ ಮತ್ತು ಅಮೆಜಾನ್ ಗಿಳಿಗಳ ಸಹಜ ರೇಖೆಯ ಅಳತೆಗಳು ಹಾಲೆಂಡಿನವರಿಂದಲೇ 1992ರಲ್ಲಿ ಪ್ರಕಟವಾದವು. ಎರಡೇ ವರ್ಷಕ್ಕೆ, 1994ರಲ್ಲಿ, ಅಮೆರಿಕದಲ್ಲಿ ಅಚ್ಚಾದ ಹಕ್ಕಿವೈದ್ಯದ ದೊಡ್ಡ ಗ್ರಂಥದಲ್ಲಿ ಹೃದಯಕ್ಕೆಂದೇ ಒಂದು ಅಧ್ಯಾಯ ಬಂತು. ಮೂವತ್ತು ವರ್ಷಕ್ಕೂ ಹಳೆಯ ವಿದ್ಯೆ ಇನ್ನೂ ನಮ್ಮ ಓಣಿಯ ಚಿಕಿತ್ಸಾಲಯಕ್ಕೆ ಬಂದು ತಲಪಿಲ್ಲವೆಂದರೆ, ಅದು ಯಾವ ಮೇಜಿನ ಮೇಲೆ ಕುಳಿತಿದೆ? ಕಡತ ಮುಂದೆ ಸಾಗದಿರುವುದರ ಬಗ್ಗೆ ನಮಗಿಂತ ಚೆನ್ನಾಗಿ ಬಲ್ಲವರಿಲ್ಲ; ಆದರೆ ನಮ್ಮ ಇಲಾಖೆಯಲ್ಲೂ ಕಡತವೊಂದು ಮೂವತ್ತು ವರ್ಷ ಕೂತರೆ ಯಾರಾದರೊಬ್ಬರು ಕೇಳುತ್ತಾರೆ.

ಪಶುವೈದ್ಯರನ್ನು ಬಯ್ಯುವುದು ನಮ್ಮ ಉದ್ದೇಶವಲ್ಲ. ಅವರ ಓದಿನಲ್ಲಿ ಹಕ್ಕಿ ಎಂದರೆ ಬಹುಮಟ್ಟಿಗೆ ಕೋಳಿ. ಕೋಳಿಗೆ ಜ್ವರ ಬಂದರೆ ಕೋಳಿಫಾರಂ ಉಳಿಸುವುದು ಮುಖ್ಯ, ಒಂದು ಕೋಳಿಯ ಎದೆಬಡಿತ ಮುಖ್ಯವಲ್ಲ. ಆದರೆ ನಗರದ ಫ್ಲಾಟುಗಳಲ್ಲಿ ಬಜ್ಜಿಗಾರ್, ಕಾಕಟೀಲ್, ಲವ್‌ಬರ್ಡ್, ಬೂದು ಗಿಳಿ ಇವೆಲ್ಲ ಮನೆಮಂದಿಯಾಗಿರುವಾಗ, ಅವನ್ನು ಪರೀಕ್ಷಿಸಿ ದುಡ್ಡು ತೆಗೆದುಕೊಳ್ಳುವವರು ಅವುಗಳ ಅಳತೆಗೋಲನ್ನೂ ಇಟ್ಟುಕೊಳ್ಳಬೇಕು. ಇಲ್ಲವೇ “ಇದು ನನಗೆ ತಿಳಿಯದು, ತಿಳಿದವರ ಬಳಿಗೆ ಹೋಗಿ” ಎನ್ನಬೇಕು. ತಿಳಿಯದು ಎನ್ನುವ ವೈದ್ಯನಿಗೆ ನಾವು ಕೈ ಮುಗಿಯುತ್ತೇವೆ. ತಿಳಿಯದೆ ಬರೆದ ಚೀಟಿಗೆ ಮಾತ್ರ ನಮ್ಮ ವಿರೋಧ.

ರಾಘುವಿನ ಕಥೆಗೆ ಮರಳೋಣ. ನಾವು ಅರ್ಧ ದಿನದ ರಜೆ ಹಾಕಿ, ಪಂಜರಕ್ಕೆ ಬಟ್ಟೆ ಹೊದಿಸಿ, ಹಕ್ಕಿಗಳನ್ನು ನೋಡಿ ಅಭ್ಯಾಸವಿದ್ದ ವೈದ್ಯರೊಬ್ಬರಲ್ಲಿಗೆ ಹೋದೆವು. ಅವರು ಮೊದಲು ಗಿಳಿಯನ್ನು ಮುಟ್ಟಲೇ ಇಲ್ಲ. ಹತ್ತು ನಿಮಿಷ ದೂರ ಕುಳಿತು ನೋಡಿದರು. “ಬಿದ್ದಾಗ ಕಾಲು ಸೆಟೆದಿತ್ತೇ, ಮೈ ಸಡಿಲವಾಗಿತ್ತೇ? ರೆಕ್ಕೆ ಪಟಪಟಿಸಿತೇ? ಎಷ್ಟು ಹೊತ್ತಿಗೆ ಎದ್ದಿತು?” ಎಂದು ಕೇಳಿದರು. “ಸೆಟೆದು ನಡುಗಿತ್ರೀ” ಎಂದರು ಕಾಕೂ. “ಏನು ತಿನ್ನಿಸುತ್ತೀರಿ?” “ಸೂರ್ಯಕಾಂತಿ ಬೀಜ. ಅದರ ಹೊರತು ಏನೂ ಮುಟ್ಟೂದಿಲ್ಲ.” ಬಿಸಿಲು? “ಕಿಟಕಿ ಗಾಜಿನ ಒಳಗ.” ಆಮೇಲೆ ಸ್ವಲ್ಪವೇ ಅರಿವಳಿಕೆಯ ಗಾಳಿ ಕೊಟ್ಟು, ರೆಕ್ಕೆಯ ಮಡಿಕೆಯ ಚರ್ಮಕ್ಕೂ ಮೊಣಕಾಲಿನ ಹತ್ತಿರದ ಚರ್ಮಕ್ಕೂ ತಂತಿ ಹಚ್ಚಿ, ನೂರರ ವೇಗದಲ್ಲಿ ರೇಖೆ ತೆಗೆದರು. ಜೊತೆಗೆ ಎರಡು ಹನಿ ರಕ್ತ. ಲಯ ಸರಿಯಾಗಿತ್ತು. ಸರಿಯಿಲ್ಲದ್ದು ರಕ್ತದಲ್ಲಿದ್ದ ಕ್ಯಾಲ್ಸಿಯಂ. ಬೂದು ಗಿಳಿಗಳಲ್ಲಿ ಇದು ಎಲ್ಲರೂ ಬಲ್ಲ ತೊಂದರೆ. ಕ್ಯಾಲ್ಸಿಯಂ ತೀರ ಇಳಿದಾಗ ಸೆಳೆತ ಬಂದು ಕೋಲಿನಿಂದ ಬೀಳುತ್ತವೆ. ಬೀಜದಲ್ಲಿ ಕ್ಯಾಲ್ಸಿಯಂ ಕಡಿಮೆ, ಕೊಬ್ಬು ಹೆಚ್ಚು. ಅದನ್ನು ಮೈಗೂಡಿಸಲು ಬೇಕಾದ ‘ಡಿ’ ಜೀವಸತ್ವ ತಯಾರಾಗಬೇಕಾದರೆ ಬಿಸಿಲಿನ ಅತಿನೇರಳೆ ಕಿರಣ ಬೇಕು. ಕಿಟಕಿಯ ಗಾಜು ಅದನ್ನು ತಡೆದು ನಿಲ್ಲಿಸುತ್ತದೆ.

ಇಲ್ಲಿ ನಾವೊಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ಪ್ರತಿ ಸಂಕ್ರಾಂತಿಗೆ ಎಳ್ಳುಬೆಲ್ಲದೊಡನೆ ರಾಘುವಿಗೆಂದು ಸೂರ್ಯಕಾಂತಿ ಬೀಜದ ಪೊಟ್ಟಣ ಒಯ್ದು ಕೊಡುತ್ತಿದ್ದವರು ನಾವೇ. ಅದು ಚಪ್ಪರಿಸಿ ತಿನ್ನುವುದನ್ನು ನೋಡಿ ಸಂತೋಷಪಟ್ಟವರೂ ನಾವೇ. ವೈದ್ಯರು ಪ್ರಶ್ನೆ ಕೇಳುತ್ತಿದ್ದಾಗ ಕಾಕೂ ನಮ್ಮತ್ತ ನೋಡಲಿಲ್ಲ. ಅದು ಅವರ ದೊಡ್ಡತನ.

ಈ ಒಂದು ಕಥೆಯಿಂದ ಗಿಳಿಗಳಿಗೆ ಹೃದಯರೋಗವೇ ಇಲ್ಲವೆಂದು ಯಾರೂ ತಿಳಿಯಬಾರದು. ಇದೆ, ಧಾರಾಳವಾಗಿ ಇದೆ. ವಯಸ್ಸಾದ ಬೂದು ಗಿಳಿ, ಅಮೆಜಾನ್ ಗಿಳಿಗಳಲ್ಲಿ ರಕ್ತನಾಳದ ಗೋಡೆ ದಪ್ಪವಾಗಿ ಗಟ್ಟಿಯಾಗುವ ಕಾಯಿಲೆ ಮತ್ತೆ ಮತ್ತೆ ಕಾಣುತ್ತದೆ. ಮೇಲಿನ ಕೋಣೆಗಳು ಲಯತಪ್ಪಿ ಅದುರುವುದು, ಮೇಲಿನಿಂದ ಕೆಳಗಿನ ಕೋಣೆಗೆ ಸಂದೇಶ ತಡವಾಗುವುದು ಅಥವಾ ನಡುವೆ ಕಡಿದುಹೋಗುವುದು, ಕೆಳಗಿನ ಕೋಣೆ ಹೊತ್ತಿಗೆ ಮೊದಲೇ ಬಡಿಯುವುದು, ಇವೆಲ್ಲ ಗಿಳಿಗಳಲ್ಲಿ ಕಂಡಿರುವ ಲಯದೋಷಗಳೇ. ಪೊಟ್ಯಾಸಿಯಂ ಏರುಪೇರು, ಪಂಜರದ ಲೇಪದಿಂದಲೋ ಆಟಿಕೆಯಿಂದಲೋ ಹೊಟ್ಟೆ ಸೇರಿದ ಸೀಸ, ಕೆಲವು ವಿಷಾಣುಗಳು ಇವುಗಳ ಹಿಂದೆ ಇರಬಹುದು. ಚಾಕೊಲೇಟು, ಕಾಫಿ ಗಿಳಿಯ ಲಯ ಕೆಡಿಸುತ್ತವೆ. ನಮ್ಮ ಕೊಡಗು-ಮಲೆನಾಡಿನವರು ಪ್ರೀತಿಯಿಂದ ಪಾನಕ ಮಾಡುವ ಬೆಣ್ಣೆಹಣ್ಣು ಗಿಳಿಯ ಹೃದಯದ ಸ್ನಾಯುವಿಗೇ ವಿಷ. “ಒಂದು ಚೂರು ತಿಂದರೇನಾಯಿತು” ಎಂಬ ಮಾತು ಇಲ್ಲಿ ಸಲ್ಲದು.

ಆದ್ದರಿಂದ ನಮ್ಮ ವಾದಕ್ಕೆ ಎರಡು ಅಲಗು. ರೋಗವಿಲ್ಲದ ಹಕ್ಕಿಗೆ ರೋಗದ ಹಣೆಪಟ್ಟಿ ಹಚ್ಚಬೇಡಿ. ರೋಗವಿರುವ ಹಕ್ಕಿಯನ್ನು “ಹೆದರಿದೆ, ದೃಷ್ಟಿ ತಗಲಿದೆ, ಆಯುಷ್ಯ ಮುಗಿಯಿತು” ಎಂದು ಸಾಯಲು ಬಿಡಬೇಡಿ. ಎರಡೂ ಒಂದೇ ಬೇರಿನಿಂದ ಹುಟ್ಟಿದ ತಪ್ಪುಗಳು. ಆ ಬೇರು, ಅಳೆಯದೆ ತೀರ್ಪು ಕೊಡುವ ಚಾಳಿ. ಸ್ಟೆತೊಸ್ಕೋಪ್ ಒಂದರಿಂದಲೇ ಕೆಲಸ ಆಗುವಂತಿದ್ದರೆ ಚೆನ್ನಾಗಿತ್ತು. ಆದರೆ ಸೆಕೆಂಡಿಗೆ ಏಳೆಂಟು ಬಾರಿ ಬಡಿಯುವುದನ್ನು ಎಣಿಸಿ, ನಡುವೆ ಒಂದು ಬಡಿತ ಎಲ್ಲಿ ತಪ್ಪಿತೆಂದು ಹಿಡಿಯುವುದು ಮನುಷ್ಯನ ಕಿವಿಗೆ ದಕ್ಕುವ ಕೆಲಸವಲ್ಲ. ರೇಖೆಯೂ ಒಂಟಿಯಾಗಿ ಸಾಲದು. ರೇಖೆ ಹೇಳುವುದು ಲಯವನ್ನು. ಹೃದಯ ಎಷ್ಟು ಬಲವಾಗಿ ರಕ್ತ ತಳ್ಳುತ್ತಿದೆ ಎಂಬುದನ್ನಲ್ಲ. ಅದಕ್ಕೆ ಧ್ವನಿತರಂಗದ ಸ್ಕ್ಯಾನ್ ಬೇಕು. ಹಕ್ಕಿಯ ಎದೆಯ ಸುತ್ತ ಗಾಳಿಚೀಲಗಳಿರುವುದರಿಂದ ಎದೆಮೂಳೆಯ ಹಿಂತುದಿಯ ಬಳಿ, ಯಕೃತ್ತಿನ ಮೂಲಕ ಇಣುಕಿ ನೋಡಬೇಕು. ಕ್ಷ-ಕಿರಣದ ಚಿತ್ರದಲ್ಲಿ ಹೃದಯದ ನೆರಳಿನ ಅಗಲವನ್ನು ಎದೆಮೂಳೆಯ ಉದ್ದದೊಡನೆ ಹೋಲಿಸುತ್ತಾರೆ. ಮಧ್ಯಮ ಗಾತ್ರದ ಗಿಳಿಗಳಲ್ಲಿ ಅದು ಶೇಕಡಾ 36ರಿಂದ 41ರಷ್ಟಿರುವುದು ಸಹಜವೆಂಬ ಲೆಕ್ಕವಿದೆ. ಹೀಗೆ ನಾಲ್ಕು ಕಡೆಯ ಸಾಕ್ಷಿ ಕೂಡಿದ ಮೇಲೆ ತೀರ್ಪು.

ಈಗ ಸಭಾಗೃಹದ ಹಿರಿಯರ ಎರಡನೆಯ ಮಾತಿಗೆ ಬರೋಣ. “ನಮ್ಮ ದೇಶದಲ್ಲಿ ಮನುಷ್ಯರಿಗೇ ಹೊತ್ತಿಗೆ ಇ.ಸಿ.ಜಿ. ಸಿಗುವುದಿಲ್ಲ, ನೀವು ಗಿಳಿಗೆ ತೆಗೆಸುತ್ತೀರಿ” ಎಂದರು ಅವರು. ಚಪ್ಪಾಳೆ ಗಿಟ್ಟಿಸುವ ಮಾತು. ಮನುಷ್ಯರಿಗೆ ಸಿಗದಿರುವುದು ನಾಚಿಕೆಗೇಡು, ಒಪ್ಪಿದೆವು. ಆದರೆ ರಾಘುವಿಗೆ ತೆಗೆಸದಿದ್ದರೆ ಆ ಯಂತ್ರ ಯಾವ ಹಳ್ಳಿಯ ಆರೋಗ್ಯಕೇಂದ್ರಕ್ಕೆ ಹೋಗಿ ನಿಲ್ಲುತ್ತಿತ್ತು? ನಾವು ಇನ್ನೊಂದು ಯಂತ್ರ ತನ್ನಿ ಎಂದು ಕೇಳುತ್ತಿಲ್ಲ. ಗಿಳಿಗೆ ರೇಖೆ ತೆಗೆದದ್ದಂತೂ ಆಗಿದೆ, ದುಡ್ಡೂ ತೆಗೆದುಕೊಂಡಾಗಿದೆ. ವೇಗದ ಗುಂಡಿಯನ್ನು 25ರಿಂದ ಮೇಲಕ್ಕೆ ತಿರುಗಿಸಲು ಒಂದು ಕಾಸೂ ಖರ್ಚಿಲ್ಲ. ಯಂತ್ರ 50ಕ್ಕಿಂತ ಹೆಚ್ಚು ಓಡದಿದ್ದರೆ ಆ ಮಾತನ್ನು ಚೀಟಿಯ ಮೇಲೆ ಬರೆಯಲು ಮಸಿಯ ಹೊರತು ಬೇರೇನೂ ಬೇಡ. ತಪ್ಪು ಓದು ಮಾತ್ರ ದುಬಾರಿ: ಬೇಡದ ಗುಳಿಗೆ, ಬೇಡದ ಭಯ, ಕಡೆಗೊಮ್ಮೆ ಬೇಡದ ಸಾವು. ಪಿಂಚಣಿಯಲ್ಲಿ ಬದುಕುವ ಕಾಕೂ ಆ ಮೊದಲ ಚೀಟಿಗೆ ತೆತ್ತ ಹಣ ಯಾವ ಬಡವನಿಗೂ ಸೇರಲಿಲ್ಲ.

ಇನ್ನು ಕೆಲವರು, “ಹಕ್ಕಿಯನ್ನು ಪಂಜರದಲ್ಲಿಡುವುದೇ ಪಾಪ, ಆಮೇಲೆ ಅದರ ಎದೆ ನೋಡುವ ಸೋಗು ಬೇರೆ” ಎನ್ನುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯಕ್ಕಿಂತ ಹೆಚ್ಚು ಸತ್ಯವಿದೆ, ನಾವು ಅದನ್ನು ತಳ್ಳಿಹಾಕುವುದಿಲ್ಲ. ನಮ್ಮ ಬಾಲ್ಯದಲ್ಲಿ ಊರ ಮನೆಯ ಜಗಲಿಯಲ್ಲಿ ಹಸಿರು ಗಿಳಿಯೊಂದು ತಂತಿಯ ಪಂಜರದಲ್ಲಿತ್ತು. ಹಸಿಮೆಣಸಿನಕಾಯಿ, ಅನ್ನ ಹಾಕುತ್ತಿದ್ದೆವು. ಒಂದು ದಿನ ಸತ್ತುಬಿದ್ದಿತ್ತು. “ಗಾಳಿ ಬಡಿಯಿತು” ಎಂದರು ಮನೆಯ ಹಿರಿಯರು. ಇಂದು ಆ ಹಸಿರು ಗಿಳಿಯನ್ನು ಕೊಳ್ಳುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ನಮ್ಮ ನಾಡಿನ ಕಾಡುಹಕ್ಕಿಗಳ ವ್ಯಾಪಾರಕ್ಕೆ 1990-91ರಿಂದಲೇ ನಿಷೇಧವಿದೆ. ಆದರೂ ನಗರದ ಎಷ್ಟೋ ಮನೆಗಳಲ್ಲಿ ಅದು ಪರದೆಯ ಹಿಂದೆ ಇದೆಯೆಂಬುದು ನಮಗೂ ನಿಮಗೂ ಗೊತ್ತಿದೆ. ಆ ಗಿಳಿಯ ಗತಿ ಇನ್ನೂ ಕರುಣಾಜನಕ. ಕಾಯಿಲೆ ಬಿದ್ದರೆ ಯಜಮಾನ ವೈದ್ಯರ ಬಳಿಗೆ ಒಯ್ಯಲು ಹೆದರುತ್ತಾನೆ. ಅದಕ್ಕೆ ಇ.ಸಿ.ಜಿ.ಯ ತಪ್ಪು ಓದೂ ಇಲ್ಲ, ಸರಿ ಓದೂ ಇಲ್ಲ. ಕತ್ತಲೆಯಲ್ಲಿ ಬಂದದ್ದು ಕತ್ತಲೆಯಲ್ಲೇ ಸಾಯುತ್ತದೆ. ಆದ್ದರಿಂದ ಸ್ಪಷ್ಟವಾಗಿ ಬರೆಯುತ್ತೇವೆ: ಹಸಿರು ಗಿಳಿಯನ್ನು ಕೊಳ್ಳಬೇಡಿ. ಯಾರೋ ಕೊಟ್ಟದ್ದು ಮನೆಯಲ್ಲಿದ್ದರೆ ಕಿಟಕಿ ತೆರೆದು ಹಾರಿಬಿಟ್ಟು ಪುಣ್ಯ ಬಂತೆಂದು ತಿಳಿಯಬೇಡಿ. ಪಂಜರದಲ್ಲಿ ಬೆಳೆದದ್ದು ಕಾಗೆಯ ಪಾಲಾಗುತ್ತದೆ. ಅರಣ್ಯ ಇಲಾಖೆಯವರಿಗೆ ಒಪ್ಪಿಸುವುದೇ ದಾರಿ. ಬೂದು ಗಿಳಿಯಂಥ ವಿದೇಶಿ ಹಕ್ಕಿಗಳ ನೋಂದಣಿಗೂ 2024ರಲ್ಲಿ ನಿಯಮಗಳು ಬಂದಿವೆ. ಕಾಡಿನ ಬೂದು ಗಿಳಿಗಳ ವ್ಯಾಪಾರವನ್ನು ತಡೆಯಲು 2016ರಲ್ಲಿ ಲೋಕದ ದೇಶಗಳೆಲ್ಲ ಕೂಡಿ ಅದನ್ನು ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿದವು. ಕಾಗದವಿಲ್ಲದ ಹಕ್ಕಿಯನ್ನು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ.

ಆದರೆ ಈಗಾಗಲೇ ನ್ಯಾಯವಾಗಿ ಮನೆಯಲ್ಲಿರುವ, ಇಪ್ಪತ್ತು ಮೂವತ್ತು ವರ್ಷ ನಮ್ಮೊಡನೆ ಬದುಕಲಿರುವ ಹಕ್ಕಿಗೆ “ಪಂಜರವೇ ಪಾಪ” ಎಂಬ ಸಿದ್ಧಾಂತ ಔಷಧವಾಗುವುದಿಲ್ಲ. ಪಂಜರದಲ್ಲಿಟ್ಟಿದ್ದೇವೆ ಎಂದ ಮೇಲೆ ಹೊಣೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲು ಮನೆಯಲ್ಲಿ. ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ವಾರಕ್ಕೊಮ್ಮೆ ಹಕ್ಕಿಯ ತೂಕ ನೋಡಿ ಬರೆದಿಡಿ. ಸುಮ್ಮನೆ ಕುಳಿತಾಗ ಉಸಿರಿಗೊಮ್ಮೆ ಬಾಲ ಏರಿಳಿಯುತ್ತದೆಯೇ, ಸ್ವಲ್ಪ ಹಾರಿದರೆ ಬಾಯಿ ತೆರೆದು ಏದುತ್ತದೆಯೇ, ಗಮನಿಸಿ. ಬಿದ್ದರೆ ಗಾಬರಿಯಾಗದೆ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಮೈ ಸಡಿಲವಾಗಿ ಬಿದ್ದದ್ದಕ್ಕೂ ಸೆಟೆದು ನಡುಗಿದ್ದಕ್ಕೂ ಬಲ್ಲ ವೈದ್ಯರಿಗೆ ಅಜಗಜಾಂತರ ಕಾಣುತ್ತದೆ. ಅಡುಗೆಮನೆಯ ಅಂಟದ ಬಾಣಲೆ ಬರಿದಾಗಿ ಕಾದರೆ ಬರುವ ಹೊಗೆ ಹಕ್ಕಿಯ ಶ್ವಾಸಕೋಶವನ್ನು ನಿಮಿಷಗಳಲ್ಲಿ ಸುಡುತ್ತದೆ. “ಹೃದಯಾಘಾತದಿಂದ ತಟ್ಟನೆ ಸತ್ತಿತು” ಎಂದು ನಾವು ಕಣ್ಣೀರಿಡುವ ಹಕ್ಕಿಗಳಲ್ಲಿ ಕೆಲವು ನಮ್ಮ ದೋಸೆಹಂಚಿಗೆ ಬಲಿಯಾದವು. ಉಬ್ಬಸಪಡುವ ಹಕ್ಕಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿಯಬೇಡಿ. ನಮ್ಮಂತೆ ಅದಕ್ಕೆ ವಪೆ ಇಲ್ಲ. ಎದೆಮೂಳೆ ಆಡಿದರೆ ಮಾತ್ರ ಉಸಿರು. ಎದೆ ಒತ್ತಿಹಿಡಿದರೆ ಉಸಿರೇ ನಿಂತೀತು.

ಆಮೇಲೆ ಚಿಕಿತ್ಸಾಲಯದಲ್ಲಿ. ವಿನಯದಿಂದ, ಆದರೆ ಬಿಡದೆ, ಐದು ಪ್ರಶ್ನೆ ಕೇಳಿ. ಒಂದು: ಕಾಗದ ಯಾವ ವೇಗದಲ್ಲಿ ಓಡಿತು? ಎರಡು: ಫಿಲ್ಟರ್ ಹಾಕಿತ್ತೇ, ತೆಗೆದಿತ್ತೇ? ಮೂರು: ರೇಖೆ ತೆಗೆದಾಗ ಹಕ್ಕಿ ಅರಿವಳಿಕೆಯಲ್ಲಿತ್ತೇ, ಕೈಯಲ್ಲಿ ಹಿಡಿದಿದ್ದರೇ? ಅರಿವಳಿಕೆಯೂ ಲಯ ಕೆಡಿಸಬಲ್ಲದು, ಹಿಡಿತದ ಭಯವೂ ಬಡಿತ ಏರಿಸಬಲ್ಲದು. ಯಾವುದೆಂದು ಚೀಟಿಯಲ್ಲಿ ಬರೆದಿರಬೇಕು. ನಾಲ್ಕು: ಇದನ್ನು ಹೋಲಿಸಿ ನೋಡಿದ ಸಹಜ ರೇಖೆ ಯಾವ ಜಾತಿಯ ಹಕ್ಕಿಯದು? ಗಿಳಿಯದೇ, ನಾಯಿಯದೇ? ಐದು: ರಕ್ತದ ಕ್ಯಾಲ್ಸಿಯಂ, ಪೊಟ್ಯಾಸಿಯಂ ನೋಡಿದಿರಾ, ಕ್ಷ-ಕಿರಣದ ಚಿತ್ರ ತೆಗೆದಿರಾ? ಈ ಐದಕ್ಕೂ ಉತ್ತರ ಸಿಗುವ ಮೊದಲು ಹೃದಯದ ಗುಳಿಗೆಯ ಒಂದು ಚೂರೂ ಹಕ್ಕಿಯ ಗಂಟಲಿಗಿಳಿಯದಿರಲಿ. ಪ್ರಶ್ನೆ ಕೇಳಿದರೆ ಸಿಟ್ಟಾಗುವ ವೈದ್ಯರಿದ್ದರೆ ಪಂಜರಕ್ಕೆ ಬಟ್ಟೆ ಹೊದಿಸಿ ಎದ್ದು ಬನ್ನಿ. ಜೀವ ಹೋಗುವಂತೆ ಏದುತ್ತಿರುವ ಹಕ್ಕಿಯಾದರೆ ಮಾತ್ರ ಪ್ರಶ್ನೆಗಳು ಆಮೇಲೆ, ಆಮ್ಲಜನಕ ಮೊದಲು.

ರಾಘು ಈಗ ಬೀಜ ಬಿಟ್ಟು ನುಗ್ಗೆಸೊಪ್ಪು, ಕ್ಯಾರೆಟ್ಟು, ಹಕ್ಕಿಗೆಂದೇ ಮಾಡಿದ ಗುಳಿಗೆಯಂಥ ಆಹಾರ ತಿನ್ನಲು ಕಲಿಯುತ್ತಿದೆ. ಮೊದಲ ವಾರ ಎಲ್ಲವನ್ನೂ ಕಾಕೂನ ಮೇಲೆ ಎಸೆಯಿತು. ಬೆಳಗಿನ ಬಿಸಿಲಿಗೆ ಪಂಜರವನ್ನು ಗಾಜಿನಾಚೆ, ಗ್ರಿಲ್ಲಿನ ಬಳಿ ಇಡುತ್ತಾರೆ. ಅರ್ಧಕ್ಕೆ ನೆರಳು, ಕಾಗೆಗೆ ತಡೆ. ಮೂರು ತಿಂಗಳಿಂದ ಬಿದ್ದಿಲ್ಲ. ಮೊದಲಿನ ಚೀಟಿಯ ಗುಳಿಗೆಗಳು ಕಾಕೂನ ಕಪಾಟಿನಲ್ಲಿ ಒಡೆಯದೆ ಬಿದ್ದಿವೆ. ಒಂದೇ ಒಂದು ವಾರ ನಾವು ಆ ಚೀಟಿಯನ್ನು ನಂಬಿದ್ದರೆ ಏನಾಗುತ್ತಿತ್ತೆಂದು ನೆನೆಯಲು ನಮಗೆ ಇಷ್ಟವಿಲ್ಲ.

ಸಂಘದ ಹಿರಿಯರಲ್ಲಿ ನಮಗೆ ಯಾವ ಮುನಿಸೂ ಇಲ್ಲ. ಆದರೆ ಕೂಡಿದ ಸಭೆಯಲ್ಲಿ ಅವರು ನಕ್ಕ ನಗುವಿಗೆ ಉತ್ತರವೂ ಕೂಡಿದ ಓದುಗರ ಎದುರಿಗೇ ಬರಬೇಕಾಗಿತ್ತು. ಮೇಲಿನ ಐದು ಪ್ರಶ್ನೆಗಳನ್ನು ಬೇರೆ ಕಾಗದದ ಮೇಲೆ ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಟೈಪು ಮಾಡಿ ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ. ಮನೆಯಲ್ಲಿ ಹಕ್ಕಿ ಇರುವವರು ರವಿವಾರ ಸಂಜೆ ಬಂದು ಒಂದೊಂದು ಪ್ರತಿ ಒಯ್ಯಬಹುದು. ದುಡ್ಡು ಬೇಡ. ಐದು ಗಂಟೆಗೆ ಮುಂಚೆ ಮಾತ್ರ ಬನ್ನಿ. ಆ ಹೊತ್ತಿಗೆ ಕಾಕೂನ ಮನೆಯಲ್ಲಿ ಚಹಾದ ಕರೆ ಬರುತ್ತದೆ, ನಾವು ಅಲ್ಲಿರಬೇಕು.